ರೆಡ್ ವೆಲ್ವೆಟ್ ಕುಕೀಸ್ ಹದಗೆಟ್ಟಾಗ: ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ಮೆತ್ತಗೆ ಬರಬೇಕಾದ ರೆಡ್ ವೆಲ್ವೆಟ್ ಶುಗರ್ ಕುಕೀಸ್ ಕೆಟ್ಟಾಗ ಹೆಚ್ಚಿನವರು ಮೊದಲು ಕೈಹಾಕುವುದು ಅಳತೆಗೆ. ಇನ್ನೊಂದಿಷ್ಟು ಮೈದಾ ಸುರಿಯುತ್ತಾರೆ, ಇನ್ನೊಂದು ಚಿಟಿಕೆ ಸೋಡಾ ಹಾಕುತ್ತಾರೆ, ಬಣ್ಣ ಹೆಚ್ಚಿಸುತ್ತಾರೆ. ತಪ್ಪು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಕಲಸುವಾಗ ಬೆಣ್ಣೆ ಎಷ್ಟು ಬೆಚ್ಚಗಿತ್ತು, ಬೇಯುವಾಗ ಓವನ್ನಿನೊಳಗೆ ನಿಜಕ್ಕೂ ಎಷ್ಟು ಬಿಸಿಯಿತ್ತು, ಈ ಎರಡು ತಿಳಿಯುವವರೆಗೆ ಅಳತೆಯನ್ನು ಮುಟ್ಟಬೇಡಿ.

ಹೋಲಿಸಿ ನೋಡಲು ಒಂದು ಸರಿಯಾದ ಅಳತೆ ಕಣ್ಣ ಮುಂದಿರಲಿ: ಮೈದಾ 230 ಗ್ರಾಂ, ಕಾರ್ನ್‌ಫ್ಲೋರ್ 12 ಗ್ರಾಂ, ಸಕ್ಕರೆ ಹಾಕದ ಕೋಕೋ ಪುಡಿ 10 ಗ್ರಾಂ, ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ, ಉಪ್ಪು ಕಾಲು ಟೀ ಚಮಚ, ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಸಣ್ಣ ಹರಳಿನ ಸಕ್ಕರೆ 150 ಗ್ರಾಂ, ಮೊಟ್ಟೆ 1, ಗಟ್ಟಿ ಮೊಸರು 30 ಗ್ರಾಂ, ವಿನೆಗರ್ 1 ಟೀ ಚಮಚ, ವೆನಿಲ್ಲಾ 1 ಟೀ ಚಮಚ, ಬಣ್ಣ. ಮೊಟ್ಟೆ ಬೇಡವೆಂದರೆ ಅದರ ಬದಲಿಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 45 ಗ್ರಾಂ. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. 35 ಗ್ರಾಂ ತೂಕದ ಉಂಡೆ ಕಟ್ಟಿ, ಒಂದೂವರೆ ಸೆಂಟಿಮೀಟರ್ ದಪ್ಪ ಉಳಿಯುವಂತೆ ತಟ್ಟಿ, 175 ಡಿಗ್ರಿಯಲ್ಲಿ 9ರಿಂದ 10 ನಿಮಿಷ ಬೇಯಿಸಿದರೆ ಹದಿನೇಳರಷ್ಟು ಕುಕೀಸ್ ಆಗುತ್ತವೆ.

ಯಾವ ದೋಷವಿದ್ದರೂ ಹುಡುಕುವ ಕ್ರಮ ಒಂದೇ. ಇಡೀ ಟ್ರೇ ತುಂಬಬೇಡಿ. ಒಂದೇ ಒಂದು ಉಂಡೆ ಬೇಯಿಸಿ ನೋಡಿ, ಉಳಿದ ಹಿಟ್ಟು ಫ್ರಿಜ್ಜಿನಲ್ಲಿರಲಿ. ಕೆಟ್ಟರೆ ಒಂದು ಸಂಗತಿಯನ್ನು ಮಾತ್ರ ಬದಲಿಸಿ ಇನ್ನೊಂದು ಉಂಡೆ ಇಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಮುಂದಿನ ಸಲಕ್ಕೆ ತಿಳಿಯುವುದಿಲ್ಲ. ಹದ ನೋಡಲೆಂದು ಹಸಿ ಹಿಟ್ಟನ್ನು ಬಾಯಿಗೆ ಹಾಕಬೇಡಿ, ಮಕ್ಕಳಿಗೂ ಕೊಡಬೇಡಿ. ಹಸಿ ಮೊಟ್ಟೆಯಲ್ಲಷ್ಟೇ ಅಲ್ಲ, ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು.

ಲಕ್ಷಣ: ಹಪ್ಪಳದ ಹಾಗೆ ಹರಡಿಕೊಂಡು ಅಂಚು ತೆಳ್ಳಗಾಗುವುದು

ಮೈಸೂರು, ಮಂಡ್ಯದ ಅಡುಗೆಮನೆಗಳಲ್ಲಿ ಫೆಬ್ರುವರಿ ಕೊನೆಯಿಂದ ಮೇ ತನಕ ಅತಿ ಹೆಚ್ಚು ಕಾಣುವ ದೋಷ ಇದೇ. ಬೆಣ್ಣೆ ಕಲಸಲು ಹದವಾಗಿರುವುದು 18ರಿಂದ 20 ಡಿಗ್ರಿಯಲ್ಲಿ. ಡಿಸೆಂಬರಿನ ಬೆಳಗ್ಗೆ ಹೊರಗಿಟ್ಟ ಬೆಣ್ಣೆ ತಾನಾಗಿ ಆ ಹದಕ್ಕೆ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 34, 35 ಡಿಗ್ರಿ ಇರುವಾಗ ಅದೇ ಬೆಣ್ಣೆ ಕರಗಲು ಶುರುವಾಗಿರುತ್ತದೆ. ‘ಕೋಣೆಯ ಉಷ್ಣಾಂಶದ ಬೆಣ್ಣೆ’ ಎಂದು ಬರೆದವರ ಕೋಣೆ ನಮ್ಮ ಬೇಸಿಗೆಯ ಅಡುಗೆಮನೆಯಲ್ಲ.

ಖರ್ಚಿಲ್ಲದ ಪರೀಕ್ಷೆ ಬೆರಳಿನದು. ಬೆಣ್ಣೆಯನ್ನು ಒತ್ತಿದರೆ ಗುಳಿ ಬೀಳಬೇಕು, ಬೆರಳು ಒಳಗೆ ಜಾರಬಾರದು. ಮೇಲೆ ಎಣ್ಣೆಯ ಹೊಳಪು ಕಂಡರೆ ಮತ್ತೆ ಫ್ರಿಜ್ಜಿಗೆ ಹಾಕಿ. ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದು ಸಣ್ಣ ತುಂಡು ಮಾಡಿಟ್ಟರೆ ಹತ್ತು ನಿಮಿಷ ಸಾಕು. ಸಕ್ಕರೆ ಜೊತೆ ನೊರೆಸುವುದು ಎರಡು ನಿಮಿಷ ಮೀರಬಾರದು. ಅದಕ್ಕಿಂತ ಹೆಚ್ಚು ತಿರುವಿದರೆ ಬೀಟರಿನ ಉಜ್ಜಾಟಕ್ಕೇ ಬೆಣ್ಣೆ ಬಿಸಿಯಾಗುತ್ತದೆ, ತುಂಬಿಕೊಂಡ ಗಾಳಿಯಿಂದ ಕುಕೀಸ್ ಮೊದಲು ಉಬ್ಬಿ ಆಮೇಲೆ ಕುಸಿದು ಹರಡುತ್ತವೆ.

ಬೆಣ್ಣೆ ಸರಿಯಿದ್ದೂ ಹರಡಿದರೆ ಹಿಟ್ಟಿಗೆ ತಂಪು ಸಾಲದು ಎಂದರ್ಥ. ಕಲಸಿದ ಹಿಟ್ಟು ಒಂದು ಗಂಟೆ ಫ್ರಿಜ್ಜಿನಲ್ಲಿರಲಿ, ಉಂಡೆ ಕಟ್ಟಿದ ಮೇಲೆ ಇನ್ನೊಂದು ಇಪ್ಪತ್ತು ನಿಮಿಷ. ಮೊದಲ ಟ್ರೇ ಚೆನ್ನಾಗಿ ಬಂದು ಎರಡನೆಯದು ಮಾತ್ರ ಹರಡಿತೇ? ಆಗ ಕಾರಣ ಬಿಸಿ ಟ್ರೇ. ಓವನ್ನಿಗೆ ಹೋಗುವ ಮುಂಚೆಯೇ ಅದರ ಮೇಲೆ ಬೆಣ್ಣೆ ಕರಗಿರುತ್ತದೆ. ಟ್ರೇಗೆ ಬೆಣ್ಣೆ ಸವರುವ ಅಭ್ಯಾಸವೂ ಹಿಟ್ಟನ್ನು ಜಾರಿಸುತ್ತದೆ, ಬೇಕಿಂಗ್ ಪೇಪರ್ ಹಾಸಿ. ರೊಟ್ಟಿ ಸುತ್ತುವ ತೆಳು ಬಟರ್ ಪೇಪರಿಗೆ ಮೇಣ ಇರಬಹುದು, ಅದು ಓವನ್ನಿನಲ್ಲಿ ಹೊಗೆಯಾಡುತ್ತದೆ. ಪ್ಯಾಕೆಟ್ಟಿನ ಮೇಲೆ ಓವನ್ನಿಗೆ ಆಗುತ್ತದೆಂದು ಬರೆದಿರುವುದನ್ನೇ ಕೊಳ್ಳಿ, ಅದರ ಅಂಚು ಕಾಯುವ ರಾಡಿಗೆ ತಾಗದಂತೆ ಕತ್ತರಿಸಿ.

ಇದಾದ ಮೇಲೆ ಬೆಣ್ಣೆಯ ಮೂಲ ನೋಡಿ. ಅಂಗಡಿಯ ಟೇಬಲ್ ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಜಿಡ್ಡು ಇರುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ, ಎಷ್ಟೆಂದು ದಿನಕ್ಕೊಂದು ಲೆಕ್ಕ. ಅದನ್ನೇ ಬಳಸುವುದಾದರೆ ತಣ್ಣೀರಿನಲ್ಲಿ ತೊಳೆದು, ಚೆನ್ನಾಗಿ ಹಿಂಡಿ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಆಮೇಲೆ ತೂಗಿ. ತುಪ್ಪ ಹಾಕಿದರೆ ನಾನ್‌ಖಟಾಯ್ ತರಹದ ಉದುರುದುರು ಹದ ಬರುತ್ತದೆ. ರುಚಿಗೆ ಮೋಸವಿಲ್ಲ, ಆದರೆ ಮೆತ್ತಗಿರುವುದಿಲ್ಲ. ಇಷ್ಟೆಲ್ಲ ನೋಡಿದ ಮೇಲೂ ಹರಡಿದರೆ ಮಾತ್ರ ಮೈದಾವನ್ನು 10 ಗ್ರಾಂ ಹೆಚ್ಚಿಸಿ, ಅದಕ್ಕಿಂತ ಹೆಚ್ಚು ಬೇಡ.

ಎತ್ತರದ ಊರು ಎಂಬ ಕಾರಣವನ್ನೂ ಕೆಲವರು ಹೇಳುತ್ತಾರೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಮಂಡ್ಯ ಅದಕ್ಕಿಂತ ಕಡಿಮೆ. ಈ ಎತ್ತರಕ್ಕೆ ಕುಕೀಸ್ ಅಳತೆ ತಿದ್ದಬೇಕಾದ ಅಗತ್ಯವಿಲ್ಲ.

ಲಕ್ಷಣ: ಬಣ್ಣ ಕೆಂಪಾಗಿ ಹೋಗಿ ಇಟ್ಟಿಗೆಯೋ ಕಂದೋ ಆಗಿ ಬರುವುದು

ಮೊದಲು ಕುಕೀಸನ್ನು ಮುರಿದು ನೋಡಿ. ಒಳಗೆ ಕೆಂಪಿದ್ದು ಮೇಲೆ, ಅಂಚಿನಲ್ಲಿ ಮಾತ್ರ ಕಂದಾಗಿದ್ದರೆ ಬಣ್ಣದ ತಪ್ಪಲ್ಲ, ಹೆಚ್ಚು ಬೆಂದಿದೆ. ಒಂದು ನಿಮಿಷ ಮೊದಲು ತೆಗೆಯಿರಿ. ಒಳಗೂ ಕಂದಾಗಿದ್ದರೆ ಕೋಕೋ ಡಬ್ಬಿ ತೆಗೆದು ಓದಿ. ಆಮ್ಲೀಯತೆ ನಿಯಂತ್ರಕ 500 ಅಥವಾ 501 ಎಂದು ಬರೆದಿದ್ದರೆ ಅದು ಕ್ಷಾರದಲ್ಲಿ ಸಂಸ್ಕರಿಸಿದ ಡಚ್ ಕೋಕೋ. ಬ್ರೌನಿಗೆ ಸೊಗಸು, ಇದಕ್ಕೆ ಒಗ್ಗದು. ಅದರ ಗಾಢ ಬಣ್ಣ ಕೆಂಪನ್ನು ನುಂಗಿಬಿಡುತ್ತದೆ. ಸಂಸ್ಕರಿಸದ ನ್ಯಾಚುರಲ್ ಕೋಕೋ ತಿಳಿ ಕಂದು, ಸ್ವಲ್ಪ ಹುಳಿ. ಹಳೆಯ ಕಾಲದ ರೆಡ್ ವೆಲ್ವೆಟ್‌ಗೆ ನಸುಗೆಂಪು ಬರುತ್ತಿದ್ದುದೇ ಇಂಥ ಕೋಕೋ ಮೊಸರು, ಮಜ್ಜಿಗೆ, ವಿನೆಗರ್‌ಗಳ ಹುಳಿಯೊಂದಿಗೆ ಸೇರಿದಾಗ. ಕೋಕೋ ಸರಿಯಿದ್ದರೂ 10 ಗ್ರಾಂ ದಾಟಿಸಬೇಡಿ. ಚಾಕೊಲೇಟ್ ರುಚಿ ಹೆಚ್ಚಲೆಂದು ಇನ್ನೊಂದು ಚಮಚ ಹಾಕಿದರೆ ಅದು ಚಾಕೊಲೇಟ್ ಕುಕೀ ಆಗುತ್ತದೆ, ಅಷ್ಟೆ.

ಮಂಡ್ಯದ ಬೆಲ್ಲ ಎಷ್ಟೇ ಒಳ್ಳೆಯದಿರಲಿ, ಈ ತಿನಿಸಿನಲ್ಲಿ ಸಕ್ಕರೆಯ ಬದಲು ಹಾಕಿದರೆ ಕೆಂಪು ಮಬ್ಬಾಗುವುದು ಖಚಿತ. ಬೆಲ್ಲದ ಕುಕೀಸ್ ಬೇರೆಯಾಗಿಯೇ ಮಾಡಿ, ಅವುಗಳ ಸೊಗಸೇ ಬೇರೆ.

ಬೀಟ್‌ರೂಟ್ ಬಳಸುವವರ ಪ್ರಶ್ನೆ ಬೇರೆ: ಪಲ್ಯದಲ್ಲಿ ಹೋಗದ ಬಣ್ಣ ಇಲ್ಲೇಕೆ ಹೋಗುತ್ತದೆ? ಪಲ್ಯ ನೀರಿನ ಹಬೆಯಲ್ಲಿ ಬೇಯುತ್ತದೆ, ಅದರ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಕುಕೀಯ ಮೇಲ್ಮೈ ಒಣಗಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಜೊತೆಗೆ ಸೋಡಾದ ಕ್ಷಾರ. ಬೀಟ್‌ರೂಟಿನ ಬೀಟಾನಿನ್ ಎಂಬ ಬಣ್ಣಕ್ಕೆ ಹುಳಿ ಆಗುತ್ತದೆ, ಹೆಚ್ಚಿನ ಬಿಸಿ ಮತ್ತು ಕ್ಷಾರ ಆಗುವುದಿಲ್ಲ. ಆದ್ದರಿಂದ ಸೋಡಾ ಪೂರ್ತಿ ಬಿಡಿ, ವಿನೆಗರ್ ಜೊತೆಗೆ ಅರ್ಧ ಟೀ ಚಮಚ ನಿಂಬೆರಸ ಹಾಕಿ, ಕೋಕೋ 5 ಗ್ರಾಂಗೆ ಇಳಿಸಿ, 160 ಡಿಗ್ರಿಯಲ್ಲಿ 11ರಿಂದ 12 ನಿಮಿಷ ಬೇಯಿಸಿ. ಹಸಿ ರಸ ಹಾಕಿದರೆ ಹಿಟ್ಟು ನೀರಾಗುತ್ತದೆ, ಒಣ ಬೀಟ್‌ರೂಟ್ ಪುಡಿಯನ್ನು ಮೊಸರಿನಲ್ಲಿ ಕಲಸಿ ಹಾಕಿ. ಇಷ್ಟು ಮಾಡಿದರೆ ಬರುವುದು ಮಾಸಲು ಗುಲಾಬಿ. ಬೇಕರಿಯ ಕಡುಗೆಂಪು ಬೀಟ್‌ರೂಟಿನಿಂದ ಬರುವುದಿಲ್ಲ.

ಕೃತಕ ಬಣ್ಣ ಹಾಕುವವರು ಇಲ್ಲಿ ನಿಂತು ಓದಬೇಕು. ಆಹಾರಕ್ಕೆಂದು ಒಪ್ಪಿಗೆ ಇರುವ ಕೆಂಪು ಬಣ್ಣಗಳು ಮುಖ್ಯವಾಗಿ ಪಾನ್ಸೋ 4ಆರ್, ಕಾರ್ಮೊಯಿಸಿನ್ ಮತ್ತು ಎರಿಥ್ರೋಸಿನ್. ತಯಾರಾದ ತಿನಿಸಿನ ಒಂದು ಕಿಲೋದಲ್ಲಿ ಶುದ್ಧ ಬಣ್ಣ 100 ಮಿಲಿಗ್ರಾಂ ಮೀರಬಾರದು. ಮೇಲಿನ ಅಳತೆಯಲ್ಲಿ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಕುಕೀಸ್ ಆಗುವುದರಿಂದ 50 ಮಿಲಿಗ್ರಾಂನಲ್ಲಿ ನಿಲ್ಲಿಸಿ. ಡಬ್ಬಿಯ ಮೇಲೆ ಶುದ್ಧ ಬಣ್ಣ ಶೇಕಡಾ 5 ಎಂದಿದ್ದರೆ ಅದು 1 ಗ್ರಾಂ ಪುಡಿ. ಪುಡಿಯನ್ನು ಮೈದಾಗೆ ಬೆರೆಸಬೇಡಿ, ಚುಕ್ಕೆ ಚುಕ್ಕೆಯಾಗುತ್ತದೆ. ವಿನೆಗರ್‌ನಲ್ಲಿ (ಎರಿಥ್ರೋಸಿನ್ ಹುಳಿಯಲ್ಲಿ ಕರಗದು, ಅದಾದರೆ ಸ್ವಲ್ಪ ನೀರಿನಲ್ಲಿ) ಕರಗಿಸಿ, ಮೊಟ್ಟೆ ಅಥವಾ ಮೊಸರಿನ ಜೊತೆ ಸೇರಿಸಿ. ಈ ಮಿತಿಯಲ್ಲಿ ಬಂದಷ್ಟೇ ಕೆಂಪು ನಮಗೆ ಸಾಕು.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ರಾಶಿ ಹಾಕಿರುವ ಕುಂಕುಮ, ರಂಗೋಲಿ ಪುಡಿಗಳಾಗಲಿ, ಹೆಸರಿಲ್ಲದ ಪೊಟ್ಟಣದಲ್ಲಿ ಚಿಲ್ಲರೆಯಾಗಿ ಸಿಗುವ ಕೆಂಪು ಬಣ್ಣವಾಗಲಿ ಆಹಾರಕ್ಕೆ ಅಲ್ಲವೇ ಅಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ಕಾಟನ್ ಕ್ಯಾಂಡಿಯಲ್ಲಿ ಬಟ್ಟೆಗೆ ಹಾಕುವ ಬಣ್ಣವಾದ ರೊಡಮಿನ್-ಬಿಯನ್ನೂ ನಿಷೇಧಿಸಿದ್ದು ಇಂಥ ಬಳಕೆ ಕಂಡುಬಂದದ್ದಕ್ಕೇ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ಪರವಾನಗಿ ಸಂಖ್ಯೆ, ಬಣ್ಣದ ಹೆಸರು, ಬಾಳಿಕೆಯ ದಿನಾಂಕ ಈ ಮೂರರಲ್ಲಿ ಒಂದಾದರೂ ಇಲ್ಲದ ಡಬ್ಬಿಯ ಬಣ್ಣ ಹಿಟ್ಟಿಗೆ ಬಿದ್ದಿದ್ದರೆ ಆ ಹಿಟ್ಟನ್ನು ಪೂರ್ತಿ ಬಿಸಾಡಿ.

ಲಕ್ಷಣ: ಉಂಡೆ ಉಂಡೆಯಾಗೇ ಉಳಿಯುವುದು

ಹತ್ತರಲ್ಲಿ ಎಂಟು ಸಲ ಇದು ಮೈದಾ ಹೆಚ್ಚಾದ ಗುರುತು. ಕಪ್ಪನ್ನು ಡಬ್ಬಕ್ಕೇ ಅದ್ದಿ ತುಂಬಿದರೆ ಮೈದಾ ಅದುಮಿಕೊಂಡು ಒಂದು ಕಪ್ಪಿಗೆ 150 ಗ್ರಾಂ ಹಿಡಿಸುತ್ತದೆ. ಚಮಚದಲ್ಲಿ ಸಡಿಲವಾಗಿ ಹಾಕಿದರೆ 120, 125 ಅಷ್ಟೆ. ಎರಡು ಕಪ್ಪಿಗೆ 50 ಗ್ರಾಂ ವ್ಯತ್ಯಾಸ. ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಹಾಕಿದ ಹಣ ಬಣ್ಣಕ್ಕೂ ಫ್ಲೇವರಿಗೂ ಹಾಕಿದ ಹಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಲಸಿ ಆಗಿಹೋಗಿದ್ದರೆ ಒಂದು ಟೀ ಚಮಚ ಮೊಸರು ಸೇರಿಸಿ, ಉಂಡೆಯನ್ನು ಲೋಟದ ತಳದಿಂದ ತಟ್ಟಿ ಇಡಿ.

ಹರಡದಿರುವುದರ ಜೊತೆಗೆ ಉಬ್ಬೂ ಇಲ್ಲದಿದ್ದರೆ ಬೇಕಿಂಗ್ ಪೌಡರ್ ಸತ್ತಿದೆ. ಅರ್ಧ ಟೀ ಚಮಚವನ್ನು ಬಿಸಿನೀರಿಗೆ ಹಾಕಿ, ಕೂಡಲೇ ಜೋರಾಗಿ ನೊರೆಯೇಳಬೇಕು. ಸೋಡಾಗೆ ನಿಂಬೆರಸ ಹಿಂಡಿ ನೋಡಿ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದ ಬೇಕಿಂಗ್ ಪೌಡರ್ ದಿನಾಂಕ ಮುಗಿಯುವ ಮೊದಲೇ ಕೆಡುತ್ತದೆ.

ಲಕ್ಷಣ: ಗಟ್ಟಿಯಾಗುವುದು, ಇಲ್ಲವೇ ಮರುದಿನಕ್ಕೆ ಗಟ್ಟಿಯಾಗುವುದು

ಓವನ್ನಿನಿಂದ ತೆಗೆಯುವಾಗಲೇ ಗಟ್ಟಿಯಿದ್ದರೆ ಹೆಚ್ಚು ಬೆಂದಿದೆ. ಕೆಂಪು ಹಿಟ್ಟಿನಲ್ಲಿ ಹೊಂಬಣ್ಣ ಕಾಣುವುದಿಲ್ಲ, ಹಾಗಾಗಿ ಬಣ್ಣ ನೋಡಿ ತೆಗೆಯಲು ಕಾಯುವವರು ಯಾವಾಗಲೂ ತಡಮಾಡುತ್ತಾರೆ. ನೋಡಬೇಕಾದ್ದು ಅಂಚು ಮತ್ತು ಹೊಳಪು. ಅಂಚು ಮುಟ್ಟಿದರೆ ಗಟ್ಟಿಯಾಗಿ ನಿಂತಿರಬೇಕು, ನಡುವೆ ಅಂಗೈಯಗಲ ಬೇಡ, ಬೆರಳಗಲದಷ್ಟು ಜಾಗದಲ್ಲಿ ಇನ್ನೂ ಒದ್ದೆ ಹೊಳಪಿರಬೇಕು. ಆಗಲೇ ತೆಗೆದು ಟ್ರೇಯ ಮೇಲೆಯೇ ಎಂಟು ನಿಮಿಷ ಬಿಡಿ, ಉಳಿದದ್ದು ಆ ಬಿಸಿಗೇ ಬೇಯುತ್ತದೆ. ಎಂಟು ನಿಮಿಷ ಕಳೆದ ಮೇಲೂ ಮುರಿದಾಗ ಒಳಗೆ ಜಿಗುಟಾದ ಹಸಿ ಹಿಟ್ಟಿದ್ದರೆ ತಿನ್ನಬೇಡಿ, ಮತ್ತೆ ಎರಡು ನಿಮಿಷ ಬೇಯಿಸಿ.

ಗಟ್ಟಿಯಷ್ಟೇ ಅಲ್ಲ, ಜಗಿದರೆ ಎಳೆದಂತಾಗುತ್ತದೆಯೇ? ಮೈದಾ ಹಾಕಿದ ಮೇಲೆ ಹೆಚ್ಚು ಕಲಸಿದ್ದೀರಿ. ಚಪಾತಿ ಹಿಟ್ಟು ನಾದಿದಷ್ಟೂ ಒಳ್ಳೆಯದು, ಇದು ಅದಕ್ಕೆ ತದ್ವಿರುದ್ಧ. ಒಣ ಪುಡಿ ಕಣ್ಣಿಗೆ ಕಾಣದಾದ ಕೂಡಲೇ ಕೈ ತೆಗೆಯಬೇಕು.

ಮೊದಲ ದಿನ ಮೆತ್ತಗಿದ್ದು ಆಮೇಲೆ ಒಣಗಿದರೆ ಇಡುವ ಕ್ರಮ ನೋಡಿ. ಪೂರ್ತಿ ಆರಿದ ಕೂಡಲೇ ಗಾಳಿಯಾಡದ ಡಬ್ಬಕ್ಕೆ ಹಾಕಿ, ಜೊತೆಗೊಂದು ಬ್ರೆಡ್ ತುಂಡು ಇಡಿ. ಅದರ ತೇವವನ್ನು ಕುಕೀಸ್ ಎಳೆದುಕೊಳ್ಳುತ್ತವೆ. ಇದಕ್ಕೂ ಬಗ್ಗದಿದ್ದರೆ ಮುಂದಿನ ಸಲ 15 ಗ್ರಾಂ ಸಕ್ಕರೆ ತೆಗೆದು ಅಷ್ಟೇ ಜೇನುತುಪ್ಪ ಹಾಕಿ, ತೇವ ಹಿಡಿದಿಡುತ್ತದೆ. ಅಂಚು ಬೇಗ ಬಣ್ಣ ತಿರುಗುವುದರಿಂದ ಒಂದು ನಿಮಿಷ ಮುಂಚೆ ತೆಗೆಯಿರಿ.

ಲಕ್ಷಣ: ಮೇಲೆ ಚುಕ್ಕೆ, ಬಾಯಿಗೆ ಮರಳು ಮರಳು

ನಮ್ಮ ದಿನಸಿ ಅಂಗಡಿಯ ಸಕ್ಕರೆಯ ಹರಳು ದಪ್ಪ, ಪೂರ್ತಿ ಕರಗದೆ ಚುಕ್ಕೆಯಾಗಿ ಉಳಿಯುತ್ತದೆ. ಮಿಕ್ಸಿಯಲ್ಲಿ ಮೂರು ನಾಲ್ಕು ಸೆಕೆಂಡ್ ತಿರುಗಿಸಿದರೆ ಸಣ್ಣ ರವೆಯ ಹದಕ್ಕೆ ಬರುತ್ತದೆ, ಅಲ್ಲಿಗೆ ನಿಲ್ಲಿಸಿ. ನುಣ್ಣನೆಯ ಪುಡಿ ಬೇಡ. ಬಾಯಲ್ಲಿ ಸೋಪಿನ ರುಚಿ ಉಳಿದರೆ ಅದು ಸಕ್ಕರೆಯದಲ್ಲ, ಸೋಡಾ ಹೆಚ್ಚಾದದ್ದು. ಈ ಅಳತೆಯಲ್ಲಿರುವ ಮೊಸರು, ವಿನೆಗರ್‌ನ ಹುಳಿಗೆ ಒಂದು ಚಿಟಿಕೆಯೇ ಸರಿ.

ಲಕ್ಷಣ: ತಳ ಸೀದು, ನಡು ಹಸಿ

ಇಲ್ಲಿಂದ ಮುಂದೆ ಓವನ್ನಿನ ಪರೀಕ್ಷೆ. ಓಟಿಜಿಯ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಸಣ್ಣ ವಿದ್ಯುತ್ ಓವನ್) ಗುಂಡಿಯ ಮೇಲಿನ ಅಂಕಿಗೂ ಒಳಗಿನ ಬಿಸಿಗೂ 20 ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲು. ಓವನ್ ಥರ್ಮಾಮೀಟರ್ ಇಲ್ಲದವರಿಗೆ ಸಕ್ಕರೆಯೇ ಸಾಕ್ಷಿ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಅಲ್ಯೂಮಿನಿಯಂ ಹಾಳೆಯನ್ನು ಬಟ್ಟಲಿನಂತೆ ಮಡಚಿ ಅರ್ಧ ಟೀ ಚಮಚ ಸಕ್ಕರೆ ಹಾಕಿ, ಮೊದಲೇ ಕಾಯಿಸಿದ ಓವನ್ನಿನ ನಡುಗಂಬಿಯ ಮೇಲೆ 15 ನಿಮಿಷ ಇಡಿ. ಗುಂಡಿ 175ರಲ್ಲಿದ್ದಾಗ ಹರಳು ಹರಳಾಗೇ ಇರಬೇಕು, ಕರಗಿ ಪಾಕವಾಗಿದ್ದರೆ ಓವನ್ ಹೆಚ್ಚು ಕಾಯುತ್ತಿದೆ. ಆಮೇಲೆ ಹೊಸ ಸಕ್ಕರೆಯಿಟ್ಟು 195ಕ್ಕೆ ತಿರುಗಿಸಿ, ಈ ಸಲ ಕರಗಬೇಕು. ಕರಗದಿದ್ದರೆ ಓವನ್ ಹಿಂದುಳಿದಿದೆ. ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಆರುವವರೆಗೆ ಹಾಳೆ ಮುಟ್ಟಬೇಡಿ. ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಬೆಣ್ಣೆ ಸವರಬೇಡಿ. ಗುಳ್ಳೆ ದೊಡ್ಡದಾಗಿದ್ದರೆ ಅಥವಾ ಮುಖಕ್ಕೆ, ಕೈಗೆ ಆಗಿದ್ದರೆ ವೈದ್ಯರ ಬಳಿ ಹೋಗಿ.

ಉಷ್ಣಾಂಶ ಸರಿಯಿದ್ದೂ ತಳ ಸೀದರೆ ಟ್ರೇ ಒಂದು ಕಂಬಿ ಮೇಲಕ್ಕೆ ಹೋಗಲಿ, ಕಪ್ಪು ಟ್ರೇಯಾದರೆ ಅದರಡಿ ಇನ್ನೊಂದು ತಟ್ಟೆ ಇಡಿ. ಓಟಿಜಿಯ ದೀಪ ಮೊದಲ ಸಲ ಆರಿದಾಗ ಗೋಡೆಗಳು ಇನ್ನೂ ಕಾದಿರುವುದಿಲ್ಲ, ಎರಡನೇ ಸಲ ಆರುವವರೆಗೆ ಕಾಯಿರಿ. ಫ್ಯಾನ್ ಇರುವ ಕನ್ವೆಕ್ಷನ್ ಓವನ್ನಿನಲ್ಲಿ 15ರಿಂದ 20 ಡಿಗ್ರಿ ಇಳಿಸಬೇಕು.

ಬಾಣಲೆಯಲ್ಲಿ ಬೇಯಿಸುವವರಿಗೆ ಬಿಸಿ ಕೆಳಗಿನಿಂದ ಮಾತ್ರ ಬರುತ್ತದೆ, ಅಡಿ ಸೀಯುವುದು ಸಹಜ. ದಪ್ಪ ತಳದ ಬಾಣಲೆಯಲ್ಲಿ ಒಂದು ಅಂಗುಲ ಉಪ್ಪು ಹರಡಿ, ಎತ್ತರದ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹದಿನೈದು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಆಮೇಲೆ ಸಣ್ಣ ಉರಿಯಲ್ಲಿ 14ರಿಂದ 18 ನಿಮಿಷ. ನಾನ್‌ಸ್ಟಿಕ್ ಪಾತ್ರೆ ಇದಕ್ಕೆ ಬೇಡ, ಒಣ ಬಿಸಿಗೆ ಅದರ ಲೇಪ ಹಾಳಾಗಿ ಹೊಗೆ ಬರುತ್ತದೆ. ಕುಕ್ಕರ್ ಬಳಸಿದರೆ ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದಿಡಲೇಬೇಕು. ನಡುವೆ ಗ್ಯಾಸಿನ ವಾಸನೆ ಬಂದರೆ ಉರಿ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆಯಿರಿ, ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಹೋಗಿ 1906ಕ್ಕೆ ಕರೆ ಮಾಡಿ.

ಲಕ್ಷಣ: ಮಳೆಗಾಲದಲ್ಲಿ ಅಂಟಂಟು, ಮೇಲೆ ಬಿಳಿ ಚುಕ್ಕೆ

ಬಿಸಿ ಇರುವಾಗಲೇ ಡಬ್ಬ ಮುಚ್ಚಿದರೆ ಒಳಗೆ ಹಬೆ ಬೆವರಿ ಕುಕೀಸ್ ಅಂಟಿಕೊಳ್ಳುತ್ತವೆ. ತಂತಿ ಜಾಲರಿಯ ಮೇಲೆ ಪೂರ್ತಿ ಆರಿಸಿ. ಕ್ರೀಮ್ ಹಚ್ಚದ ಕುಕೀಸ್ ಹೊರಗೆ ನಾಲ್ಕು ದಿನ, ಕ್ರೀಮ್ ಚೀಸ್ ಹಚ್ಚಿದವು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತವೆ. ಕ್ರೀಮ್ ಹಚ್ಚಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಒಂದರ ಮೇಲೆ ಬೂಷ್ಟು ಕಂಡರೂ ಆ ಡಬ್ಬದ್ದೆಲ್ಲ ತಿಪ್ಪೆಗೆ. ಕೆರೆದು ತಿನ್ನುವಂಥದ್ದಲ್ಲ.

ಲಕ್ಷಣ: ಓವನ್ ಕಾಯುತ್ತಲೇ ಇಲ್ಲ

ಟೈಮರ್ ಗುಂಡಿ ತಿರುಗಿಸಿದ್ದೀರಾ ನೋಡಿ. ಹಲವು ಓಟಿಜಿಗಳು ಟೈಮರ್ ಸೊನ್ನೆಯಲ್ಲಿದ್ದರೆ ಕಾಯುವುದೇ ಇಲ್ಲ. ಆಮೇಲೆ ಮೇಲಿನ, ಕೆಳಗಿನ ರಾಡ್ ಆಯ್ಕೆಯ ಗುಂಡಿ ಎಲ್ಲಿದೆ ನೋಡಿ. ರಾಡ್ ಕೆಂಪಾಗಿಯೂ ಬಿಸಿ ಸಾಲದಿದ್ದರೆ ವೋಲ್ಟೇಜ್ ಇಳಿದಿರಬಹುದು. 230ರಿಂದ 200 ವೋಲ್ಟಿಗೆ ಇಳಿದರೆ ರಾಡ್ ಕೊಡುವ ಶಾಖ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಓವನ್ ಮೊದಲೇ ಕಾಯಿಸುವ ಸಮಯ ಹೆಚ್ಚಿಸಿ, ಇಲ್ಲವೇ ವೋಲ್ಟೇಜ್ ಸರಿಯಿರುವ ಹೊತ್ತಿನಲ್ಲಿ ಬೇಯಿಸಿ. ದಿನವೂ ಹೀಗಾದರೆ ಇಲ್ಲಿಗೆ ವಿದ್ಯುತ್ ಪೂರೈಸುವ ಸೆಸ್ಕ್‌ಗೆ 1912 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ.

1500 ವಾಟಿನ ಓಟಿಜಿಯನ್ನು 6 ಆಂಪಿಯರ್‌ನ ಸಣ್ಣ ಸಾಕೆಟ್ಟಿಗೆ ಹಾಕಬಾರದು. ಆ ಸಾಕೆಟ್ ತಾಳುವುದು 1380 ವಾಟ್ ಮಾತ್ರ. 16 ಆಂಪಿಯರ್ ಸಾಕೆಟ್ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಓವನ್ನಿನ ಮೈ ಮುಟ್ಟಿದಾಗ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ ಗೋಡೆಯ ಸ್ವಿಚ್ ಆರಿಸಿ. ಮಳೆಗಾಲವಿಡೀ ಮೂಲೆಯಲ್ಲಿದ್ದ ಓವನ್ ಹಾಕಿದ ಕೂಡಲೇ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಆರುವ ಸುರಕ್ಷತಾ ಸ್ವಿಚ್) ಬೀಳುತ್ತಿದ್ದರೆ ರಾಡಿನೊಳಗೆ ತೇವ ಸೇರಿದೆ ಅಥವಾ ಎಲ್ಲೋ ಸೋರಿಕೆಯಿದೆ. ಮತ್ತೆ ಮತ್ತೆ ಎತ್ತಿ ಹಾಕಿ ನೋಡಬೇಡಿ, ಕವಚ ಬಿಚ್ಚಬೇಡಿ. ಅರ್ಥಿಂಗ್ ಅಳೆಯಲು ಬಲ್ಲ ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಮತ್ತು ರಾಡ್ ಎರಡನ್ನೂ ಪರೀಕ್ಷಿಸಲಿ. ಕಲಸಿದ ಹಿಟ್ಟಿನ ಚಿಂತೆ ಬೇಡ: ಉಂಡೆ ಕಟ್ಟಿ ಮುಚ್ಚಿಟ್ಟರೆ ಫ್ರಿಜ್ಜಿನಲ್ಲಿ ಎರಡು ದಿನ, ಫ್ರೀಜರಿನಲ್ಲಿ ಒಂದು ತಿಂಗಳು ಕೆಡದೆ ಇರುತ್ತದೆ.